ನಾಲ್ಕನೇ ಕುರ್ಚಿಗೂ ಬಡಿಸ್ರಿ!

ಈ ಹಿರಿಯರ ಹಬ್ಬಕ್ಕೆ ಮಾವನವರಿಗೆ ನನ್ನ ಅನ್ನ ಉಣ್ಣಿಸಿಯೇ ತೀರುತ್ತೇನೆಂದು ನಾನು ಭೀಷಣ ಪ್ರತಿಜ್ಞೆ ಮಾಡಿದೆ. ಮಾವ ಮಲ್ಲೇಶಪ್ಪನವರು ಕಳೆದ ಬೇಸಿಗೆಯಲ್ಲೇ ತೀರಿಕೊಂಡಿದ್ದರು ಎಂಬುದೊಂದು ಸಣ್ಣ ತೊಡಕು, ಅಷ್ಟೇ!

ಹರಿಹರದ ನಮ್ಮ ಮನೆಯ ಗೃಹಪ್ರವೇಶದಲ್ಲಿ ಯಾರೋ ಪುಣ್ಯಾತ್ಮ ಅವರನ್ನು ಎರಡನೇ ಪಂಕ್ತಿಗೆ ಕೂರಿಸಿದ್ದ. ಹೆಣ್ಣು ಕೊಟ್ಟವರಿಗೆ ಎರಡನೇ ಪಂಕ್ತಿಯೇ! ಎದ್ದವರು ಸೀದಾ ತಮ್ಮೂರು ಮಲೆಬೆನ್ನೂರಿಗೆ ಹೋದರು. ಆಮೇಲೆ ಸಾಯುವವರೆಗೂ ನಮ್ಮ ಮನೆಯ ಹನಿ ನೀರು ಮುಟ್ಟಲಿಲ್ಲ. ಬಂದರೆ ಬಾಗಿಲಲ್ಲೇ ನಿಂತು ಮಗಳನ್ನು ಮಾತಾಡಿಸಿ ಹೋಗುತ್ತಿದ್ದರು. ನನ್ನ ಹೆಂಡತಿ ಚೈತ್ರಾಳಿಗೆ ಆ ಕೊರಗು ಹಾಗೇ ಉಳಿದಿತ್ತು.

"ನಮ್ಮನೇಲಿ ಎಡೆ ಇಟ್ರೆ ಅಪ್ಪ ಬರೋದಿಲ್ರೀ," ಎಂದು ಕಣ್ಣೀರು ಹಾಕಿದಳು.

"ಮನೆಗೆ ಬರದಿದ್ರೆ ಬ್ಯಾಡ, ಹೋಟ್ಲಿಗೆ ಕರೆಯೋಣ! ಅದೂ ದಾವಣಗೆರೆಯ ದುಬಾರಿ ಹೋಟ್ಲಿಗೆ! ಮನೇಲಿ ಒಲೇನೇ ಹಚ್ಚಬ್ಯಾಡ!" ಎಂದು ಅಪ್ಪಣೆ ಹೊರಡಿಸಿದೆ.

ಆ ಹೋಟೆಲಿನ ವೈಖರಿಯೇ ಬೇರೆ. ತಿಂಗಳಿಗೊಂದು ಥೀಮು, ಥೀಮಿಗೊಂದು ಮೆನು. ಹೋದ ತಿಂಗಳು ‘ಮುಂಗಾರು’, ಈ ತಿಂಗಳು ‘ಅಮಾವಾಸ್ಯೆ’. ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಆತಿಥ್ಯ ಬೇಕೆ!

ಹಬ್ಬದ ಮಧ್ಯಾಹ್ನ ಅತ್ತೆ ಹಂಪವ್ವನವರು ಮಾವನ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಜೊತೆ ಹೊರಟರು. ಹೊರಗೆ ರಣಬಿಸಿಲು. ಒಳಗೆ ಕಾಲಿಟ್ಟರೆ ಕಗ್ಗತ್ತಲು! ಕಪ್ಪು ಗೋಡೆ, ಕಪ್ಪು ತಟ್ಟೆ, ಮೂಲೆಯಲ್ಲೊಂದು ಮಿಣುಕು ದೀಪ. ನಮ್ಮನ್ನು ಬೇರೆಯೇ ಒಂದು ಕೋಣೆಯಲ್ಲಿ ಕೂರಿಸಿದರು. ಮುಸುಕು ಹಾಕಿದ ಸಪ್ಲೈಯರ್ ಒಬ್ಬ ಸದ್ದಿಲ್ಲದೆ ಪಕ್ಕಕ್ಕೆ ಬಂದು, "ನಾಲ್ಕು ಜನ ಅಲ್ರೀ ಸರ್?" ಎಂದು ಪಿಸುಗುಟ್ಟಿದ.

ನಾವಿದ್ದದ್ದು ಮೂವರು. ಟವೆಲು ಇನ್ನೂ ಬಿಚ್ಚಿರಲಿಲ್ಲ.

"ಹೌದಪ್ಪಾ, ನಾಲ್ಕನೇ ಕುರ್ಚಿಗೂ ಬಡಿಸ್ರಿ," ಎಂದು ಅತ್ತೆ ಖುಷಿಯಿಂದ ಫೋಟೋ ಬಿಚ್ಚಿ ಕುರ್ಚಿಯ ಮೇಲಿಟ್ಟರು.

ಮೊದಲ ತಟ್ಟೆಗಳು ಬಂದವು. ಹೆಬ್ಬೆರಳಿನಷ್ಟು ಮುದ್ದೆ, ಅದರ ನೆತ್ತಿಯ ಮೇಲೆ ಒಂದೇ ಒಂದು ಅವರೆಕಾಳು! ನಾನು ಕೈ ಹಾಕುವಷ್ಟರಲ್ಲಿ ಅತ್ತೆ ಗದರಿದರು.

"ಮುಟ್ಟಬ್ಯಾಡ್ರಿ ಅಳಿಯಂದ್ರೇ! ಎಡೆ ಇಟ್ಟ ಮ್ಯಾಲೆ ಹಿರಿಯರು ಉಣ್ಣೋತನಕ ಬಾಗ್ಲು ಹಾಕಿ ಹೊರಗಿರಬೇಕು. ಬರ್ರಿ!"

ಹೊರಗೆ ನಿಂತೆವು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಬಾಗಿಲು ತಟ್ಟಿ ಒಳಗೆ ಹೋದರು. ನಾಲ್ಕೂ ತಟ್ಟೆ ಮಾಯ! ಆ ಜಾಗದಲ್ಲಿ ಹೊಸ ತಟ್ಟೆ, ಹೊಸ ತಿನಿಸು!

"ಅಪ್ಪ ನಾಲ್ಕೂ ಉಂಡಾರೇನವ್ವಾ?" ಚೈತ್ರಾ ಕೇಳಿದಳು.

"ಉಣ್ಣೋದಿರ್ಲಿ, ತಟ್ಟೆ ಎತ್ತಿಟ್ಟಾರಲ್ಲೇ! ಬದುಕಿದ್ದಾಗ ಒಂದಿನಾನೂ ಎತ್ತಲಿಲ್ಲ!"

ಮತ್ತೆ ಹೊರಗೆ. ಮತ್ತೆ ಮಾಯ! ನನಗೆ ಒಂದು ಕಡೆ ಹಸಿವು, ಇನ್ನೊಂದು ಕಡೆ ಹೆದರಿಕೆ. ಏನಾದರಾಗಲಿ ಎಂದು ಮುಂದಿನ ಸಲ ನಾನು ಹೊರಗೆ ಹೋದಂತೆ ಮಾಡಿ ಮೇಜಿನ ಕೆಳಗೆ ನುಸುಳಿದೆ.

ದೀಪ ಸಣ್ಣಗಾಯಿತು. ತಲೆಯ ಮೇಲೆ ಕಚಕಚ ಅಗಿಯುವ ಸದ್ದು! ಇಲಿ ಇರಬೇಕು ಎಂದು ಸಮಾಧಾನ ಹೇಳಿಕೊಂಡು ಕಣ್ಣು ಮುಚ್ಚಿದೆ. ಕುರ್ಚಿ ಸರಿದ ಸದ್ದಾಯಿತು. ಇಲಿ ಕುರ್ಚಿ ಸರಿಸುತ್ತದೆಯೇ? ಕಣ್ಣು ಬಿಟ್ಟೆ. ಎದುರಿಗೆ ಒಂದು ಕಪ್ಪು ಕೈ!

"ಮಾವಾ, ತಪ್ಪಾತ್ರಿ!" ಎಂದು ಚೀರಿದೆ.

"ಕೂಗಬ್ಯಾಡ್ರಿ ಸರ್! ನಾನು ಸಪ್ಲೈಯರ್ ಕಾಂತರಾಜ್, ಗುತ್ತೂರಿನವ್ನು." ಮುಸುಕು, ಕಪ್ಪು ಕೈಗವಸು ತೆಗೆದ. "ನೀವು ಪ್ರತಿ ಸಲಾನೂ ಎದ್ದು ಹೋಗ್ತೀರಿ. ರುಚಿ ಹಿಡಿಸಲಿಲ್ಲ ಅಂತ ಹಿಂದಿನ ಬಾಗ್ಲಿಂದ ಬಂದು ತಟ್ಟೆ ಎತ್ತೀನಿ."

ಹೋದ ಜೀವ ಬಂತು! ನಕ್ಕುಬಿಟ್ಟೆ. ನಗುತ್ತಲೇ ಬಾಗಿಲ ಸಂದಿಯಿಂದ ಇಣುಕಿದರೆ, ಚೈತ್ರಾ ತಾಯಿಯನ್ನು ತಬ್ಬಿಕೊಂಡು, "ಅಪ್ಪ ಉಂಡ್ರವ್ವಾ, ಸಿಟ್ಟು ಬಿಟ್ರು," ಎಂದು ಅಳುತ್ತಿದ್ದಳು. ಅವಳಿಗೆ ನಿಜ ಹೇಳುವ ಧೈರ್ಯವಾಗಲಿಲ್ಲ.

"ಕಾಂತರಾಜಪ್ಪಾ, ಊಟ ಹಂಗೇ ಉಳೀತು ಅಂತ ಅವ್ರಿಗೆ ಹೇಳಬ್ಯಾಡ."

"ನಿಮ್ಮ ಮೂರೂ ಜನರ ತಟ್ಟೆ ಹಂಗೇ ಉಳದ್ವು, ಖರೆ. ಆದ್ರೆ ಯಜಮಾನ್ರು ಮಾತ್ರ ಪ್ರತಿ ಸಲಾನೂ ಬಳ್ಕೊಂಡು ಉಂಡಾರ ನೋಡ್ರಿ!"

ನಾಲ್ಕನೇ ತಟ್ಟೆಯನ್ನು ದೀಪಕ್ಕೆ ಹಿಡಿದ. ತೊಳೆದಿಟ್ಟಂತಿತ್ತು.

"ಯಾ... ಯಾವ ಯಜಮಾನ್ರು?"

"ಆ ಫೋಟೋದಾಗ ಅದಾರಲ್ರಿ, ಅವ್ರೇ. ಈಗಷ್ಟೇ ಹಿಂದಿನ ಬಾಗ್ಲಿಂದ ಹೋದ್ರು. ‘ಊಟ ಪಸಂದ್ ಐತೆ, ಆದ್ರೆ ಇದು ಹೊಟ್ಟೆಗೆ ಎಲ್ಲಿ ಸಾಕಾಗ್ತೈತೆ? ಉಳಿದಿದ್ದು ಹರಿಹರದಾಗ ಅಳಿಯನ ಮನೇಲೇ ಉಣ್ತೀನಿ’ ಅಂದ್ರು."

ಬಾಗಿಲು ದೂಡಿಕೊಂಡು ಹೊರಗೆ ಓಡಿದೆ.

"ಚೈತ್ರಾ, ಅತ್ತೇ, ಬೇಗ ನಡೀರಿ! ಮಾವ ನಮ್ಮನೆಗೆ ಊಟಕ್ಕೆ ಹೊಂಟಾರ, ನಾನು ಬೀಗ ಹಾಕ್ಕೊಂಡು ಬಂದೀನಿ!"