ರಾಯಚೂರು ಯುವಕರ ತೆರಿಗೆ ಕಾನೂನಿನ ದಾಹ

ನನ್ನ ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ಅದು ಸದಾ ನನ್ನ ಪರವಾಗಿಯೇ ವಕಾಲತ್ತು ವಹಿಸುತ್ತದೆ. ಆದರೂ ಇಷ್ಟು ಖಂಡಿತ: ಗ್ರಂಥಪಾಲಕರೆಲ್ಲ ತಮ್ಮ ಗ್ರಂಥಾಲಯದ ಬಗ್ಗೆ ಒಂದು ಸಣ್ಣ ಸಂಶೋಧನೆ ಮಾಡಬೇಕು, ಹಿರಿಯರು ಕಿರಿಯರಿಗೆ ನೆರವಾಗಬೇಕು ಎಂದು ಮೇಲಿನವರು ಹೇಳಿದಾಗ ಮೊದಲು ಕೈ ಎತ್ತಿದವನು ರಾಯಚೂರಿನ ನಾನೇ. ದೇವದುರ್ಗದ ಗ್ರಂಥಪಾಲಕಿ ಶಹೀನಾ ಅವರಿಗೆ ನೆರವಾಗುವ ಭಾರ ನನ್ನ ಹೆಗಲಿಗೆ ಬಿತ್ತು. ಮಾನ್ವಿಯ ಸಭೆಯಲ್ಲಿ ಒಂದೇ ಒಂದು ವರದಿಯನ್ನು ಆರಿಸಿ, ಬರೆದವರನ್ನು ದೊಡ್ಡ ಸಮ್ಮೇಳನಕ್ಕೆ ಕಳಿಸುತ್ತಾರಂತೆ. ಇನ್ಯಾರು? ನಾನೇ!

ಶಹೀನಾ ಫೋನ್ ಮಾಡಿದರು. "ಸರ್, ನಮ್ಮಲ್ಲಿ ಹುಡುಗ್ಯಾರು ಮಧ್ಯಾಹ್ನ ಆಗೂದ್ರಾಗ ಎದ್ದು ಹೋಗ್ತಾರ. ಯಾಕಂತ ಹುಡುಕಬೇಕಂತ ಮಾಡೀನ್ರಿ."

ನನ್ನ ಹೊಟ್ಟೆಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಎಂಥ ಪ್ರಶ್ನೆ! ನನಗೇಕೆ ಹೊಳೆಯಲಿಲ್ಲ?

"ಅವರನ್ನೇ ಕೇಳ್ಲೇನ್ರಿ ಸರ್?"

"ಛೇ ಛೇ! ಓದುಗರನ್ನ ಕೇಳಿದ್ರ ಸಂಶೋಧನಾ ಕೆಡ್ತದ್ರೀ. ದೂರ ನಿಂತು ನೋಡಬೇಕು."

ಹಾಗೆ ಹೇಳಿದ್ದು ನಂಬಿಕೆಯಿಂದಲೋ ಹೊಟ್ಟೆಕಿಚ್ಚಿನಿಂದಲೋ? ನಂಬಿಕೆಯಿಂದ ಎನ್ನುತ್ತದೆ ನೆನಪು. ವಕೀಲ ಅಲ್ಲವೆ!

ನಾನೂ ದೂರ ನಿಂತು ನೋಡಿದೆ. 'ಓದಿದ ಪುಸ್ತಕಗಳನ್ನು ಕಪಾಟಿನಲ್ಲಿಡದೆ ಮೇಜಿನ ಮೇಲೇ ಬಿಡಿ' ಎಂದು ಫಲಕ ಹಾಕಿದೆ. ಮೇಜಿನ ಮೇಲೆ ಉಳಿದದ್ದೇ ಜನ ಓದಿದ್ದು. ಇದು ನಮ್ಮ ಕಸುಬಿನ ಹಳೆಯ ಉಪಾಯ. ಸಂಜೆ ನೋಡಿದರೆ ಕಥೆಯಿಲ್ಲ, ಕಾದಂಬರಿಯಿಲ್ಲ. ಮೇಜಿನ ತುಂಬ ತೆರಿಗೆ ಕಾನೂನಿನ ಹಳೇ ಸಂಪುಟಗಳು! ಮರುದಿನವೂ ಅವೇ! ನೌಕರಿ ಪರೀಕ್ಷೆಗೆ ಓದಲು ಬರುವ ನಮ್ಮ ಹುಡುಗರಲ್ಲಿ ಇಂಥ ದಾಹ! ತಣಿಸಲೆಂದು ಗೋದಾಮಿನಲ್ಲಿದ್ದ ಸಂಪುಟಗಳನ್ನೂ ನಾನೇ ಹೊತ್ತು ತಂದೆ. ಅವೂ ಮೇಜಿಗೇರಿದವು. ನನ್ನ ಸೊಂಟ ಹಿಡಿಯಿತು.

ಎಣ್ಣೆ ತಿಕ್ಕುತ್ತ ಹೆಂಡತಿ ಮಹಾದೇವಿ ಕೇಳಿದಳು. "ಆ ಹುಡುಗ್ರನ್ನ ಒಂದ್ ಮಾತು ಕೇಳಬಾರದೇನ್ರಿ?"

"ನಿನಗ ಸಂಶೋಧನಾ ತಿಳಿಯಂಗಿಲ್ಲ."

"ಬಿಡ್ರಿ, ತಿಳಿಯಂಗಿಲ್ಲ. ಆದ್ರ ಶಹೀನಾ ಮೇಡಂ ಹೆಸರು ತಗದ್ರ ಹಲ್ಲು ಯಾಕ ಕಡೀತೀರಿ?"

"ಸೊಂಟ ನೋಯಾಕತ್ತದ!"

ವರದಿ ಸಿದ್ಧವಾಯಿತು. ಗಟ್ಟಿ ರಟ್ಟು, ಬಂಗಾರದ ಅಕ್ಷರ, ತಲೆದಿಂಬಿನಷ್ಟು ದಪ್ಪ. ನಾನು ಸಮ್ಮೇಳನಕ್ಕೆ ಹೋಗುವ ಸುದ್ದಿಯನ್ನು ಮಹಾದೇವಿ ಆಗಲೇ ಓಣಿಗೆಲ್ಲ ಮುಟ್ಟಿಸಿದ್ದಳು.

ಮಾನ್ವಿಯ ಸಭೆಗೆ ಶಹೀನಾ ತಂದದ್ದು ನಾಲ್ಕೇ ನಾಲ್ಕು ಹಾಳೆ. ಪಿನ್ನೂ ಇಲ್ಲ! ನನಗೆ ಪರಮಾನಂದ.

"ಹುಡುಗ್ಯಾರನ್ನೇ ಕೇಳಿದೆ ಸರ್," ಎಂದು ಅವರು ವರದಿ ಆರಿಸಲು ಬಂದಿದ್ದ ಅಧಿಕಾರಿಗೆ ಹೇಳಿದರು. "ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲಂತ. ಹಾಕಿಸಿದೆ. ಈಗ ಸಂಜಿ ತನಕ ಕೂಡ್ತಾರ."

ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಸದ್ದಾಗದಂತೆ.

ನನ್ನ ಸರದಿ ಬಂತು. ಯುವಜನರ ಜ್ಞಾನದಾಹವನ್ನು ಕುರಿತು ಗಂಭೀರವಾಗಿ ಮಾತಾಡಿ, ಬೆವರು ಒರೆಸಿಕೊಂಡೆ. ಅಧಿಕಾರಿ ಕನ್ನಡಕ ತೆಗೆದರು. "ತೆರಿಗೆ ಕಾನೂನು ಯಾರು ಓದ್ತಾರ್ರೀ?"

ನಾನು ಬಾಯಿ ತೆರೆಯುವುದರೊಳಗೆ ಶಹೀನಾ ಮೆಲ್ಲಗೆ ಕೇಳಿದರು. "ಸರ್, ನಿಮ್ಮ ಮೇಜು ಫ್ಯಾನಿನ ಕೆಳಗ ಅದಾವೇನ್ರಿ?"

"ಹೌದು. ನಮ್ಮೂರ ಬಿಸಿಲಿಗೆ ಮತ್ತೆಲ್ಲಿ ಹಾಕಬೇಕು?"

"ನಮ್ಮಲ್ಲೂ ಹಂಗ ಸರ್. ಓದೋ ಹಾಳಿ ಹಾರಬಾರದಂತ ಹುಡುಗ್ರು ದಪ್ಪ ಪುಸ್ತಕ ಹುಡುಕಿ ತಂದು ಹೇರ್ತಾರ."

ಅಷ್ಟರಲ್ಲಿ ಸಭೆಯ ಫ್ಯಾನೂ ಜೋರಾಗಿ ಬೀಸಿತು. ಅಧಿಕಾರಿಯ ಮುಂದಿದ್ದ ಶಹೀನಾ ಅವರ ಹಾಳೆಗಳು ಪಟಪಟನೆ ಎದ್ದವು. ಅಧಿಕಾರಿ ತಟ್ಟನೆ ಕೈಗೆ ಸಿಕ್ಕ ನನ್ನ ವರದಿಯನ್ನು ಅವುಗಳ ಮೇಲೆ ಹೇರಿದರು. ಸಭೆ ಮುಗಿಯುವವರೆಗೂ ಅದನ್ನು ಯಾರೂ ಎತ್ತಲಿಲ್ಲ.

ಮನೆಗೆ ಬಂದಾಗ ಮಹಾದೇವಿಯ ಜೊತೆ ಪಕ್ಕದ ಮನೆಯವರೂ ಬಾಗಿಲಲ್ಲಿದ್ದರು. "ಏನಾತ್ರೀ?"

"ಶಹೀನಾ ಅವರನ್ನ ಆರಿಸಿದ್ರು," ಎಂದೆ. "ಆದ್ರ ನನ್ನ ವರದಿ ಇರಲಿಲ್ಲಂದ್ರ ಅವರ ಸಂಶೋಧನಾ ನಿಲ್ತಿರಲಿಲ್ಲ."

ಈ ಮಾತು ನನಗೆ ಚೆನ್ನಾಗಿ ನೆನಪಿದೆ. ಒಂದಕ್ಷರವೂ ಸುಳ್ಳಲ್ಲ!