ದೀಪವಲ್ಲ, ದ್ವೀಪ

ಮೊಬೈಲಿಗೆ ಸಿಗ್ನಲ್ ಸಿಗುವುದು ಬಾಲ್ಕನಿಯ ಎಡಮೂಲೆಯಲ್ಲಿ ಮಾತ್ರ ಎಂಬುದೇ ಆ ದಿನದ ಎಲ್ಲ ಅನಾಹುತಕ್ಕೂ ಮೂಲವಾಯಿತು.

ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಪ್ರವಾಸದ ಕಚೇರಿಯಿಂದ ಫೋನ್ ಬಂತು. ಬಾಯ್ತುಂಬ ನೊರೆ ಇಟ್ಟುಕೊಂಡೇ ಅವನು ಬಾಲ್ಕನಿಗೆ ಓಡಿದ. ಕಂಬಿಗೆ ಹೊಟ್ಟೆ ಆನಿಸಿ, ಬಟ್ಟೆ ಒಣಹಾಕಿದಂತೆ ಅರ್ಧ ಮೈಯನ್ನು ಹೊರಗೆ ಚಾಚಿ ನಿಂತ.

"ಹೂಂ ಕಣಮ್ಮಾ, ದ್ವೀಪ! ದೀಪ ಅಲ್ಲ, ದ್ವೀಪ! ದಕ್ಕೆ ವ ಒತ್ತು! ಹೌದು, ನಾಲ್ಕು! ಒಂದರಿಂದ ಇನ್ನೊಂದಕ್ಕೆ ದೋಣೀಲಿ ಹೋಗೋದು! ಏನು? ಇಲ್ಲ ಇಲ್ಲ, ಸೀಸನ್ ಮುಗಿದ್ಮೇಲೇ ಬೇಕು! ಅಲ್ಲಿ ಯಾರೂ ಇರಬಾರ್ದು! ಒಂದು ನರಪಿಳ್ಳೆನೂ ಇರಬಾರ್ದು!"

ಈ ಕೊನೆಯ ಮಾತನ್ನು ಇಡೀ ಬೀದಿಯೇ ನಿಂತು ಕೇಳಿಸಿಕೊಂಡಿತು.

ಅವನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಕಟ್ಟಡದವರೆಲ್ಲ ಅವನನ್ನು 'ಕನ್ನಡಕದವರು' ಎಂದೇ ಕರೆಯುತ್ತಿದ್ದರು. ಈ ನಾಲ್ಕು ದ್ವೀಪಗಳ ಗುಟ್ಟನ್ನು ಅವನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಹಿಂದೊಮ್ಮೆ ಹೆಂಡತಿಯನ್ನು ಕರೆದುಕೊಂಡು ಊರಾಚೆಯ ಕೆರೆಗೆ ಹೋಗಿದ್ದಾಗ ಕಟ್ಟಡದ ಅರ್ಧ ಜನ ಚಾಪೆ ಸುತ್ತಿಕೊಂಡು ಹಿಂದೆಯೇ ಬಂದಿದ್ದರು. ಈ ಸಲ ಹಾಗಾಗಬಾರದು. ಗಾಳಿಮಳೆಯ ಭಯಕ್ಕೆ ಪ್ರವಾಸಿಗಳೆಲ್ಲ ಗಂಟು ಕಟ್ಟಿದ ಮೇಲೆ ಹೋಗಬೇಕು. ಖಾಲಿ ಮರಳು, ಖಾಲಿ ದೋಣಿ, ಖಾಲಿ ಕುರ್ಚಿಗಳು. "ನಿಶ್ಶಬ್ದ ಅಂದ್ರೆ ಹೇಗಿರತ್ತೆ ಗೊತ್ತಾ ನಿಂಗೆ?" ಎಂದು ಅವನು ಪ್ರತಿದಿನ ಊಟಕ್ಕೆ ಕೂತಾಗ ಶುರುಮಾಡಿದರೆ, ತಟ್ಟೆ ತೊಳೆದಿಟ್ಟರೂ ಅದರ ವರ್ಣನೆ ಮುಗಿಯುತ್ತಿರಲಿಲ್ಲ. ಅವನ ಹೆಂಡತಿಯದು ಮಾತು ಕಡಿಮೆ. ಕರೆಂಟು ಹೋದಾಗ ಊರಿನವರು ಫೋನ್ ಮಾಡಿ ಬಯ್ಯುವ ಕಚೇರಿಯಲ್ಲಿ ಆ ಬೈಗುಳ ಕೇಳಿಸಿಕೊಳ್ಳುವುದೇ ಅವಳ ಕೆಲಸ. ಅವಳು "ಹೂಂ" ಎನ್ನುತ್ತಿದ್ದಳು.

"ಏನ್ರೀ ಕನ್ನಡಕದವರೇ!"

ಆಕಾಶವಾಣಿಯೇ ಆದಂತಾಗಿ ಅವನು ಕತ್ತೆತ್ತಿದ. ಮೇಲಿನ ಬಾಲ್ಕನಿಯಿಂದ ನಿವೃತ್ತ ಸ್ಟೇಷನ್ ಮಾಸ್ತರರು ಇಣುಕುತ್ತಿದ್ದರು. ಕೈಯಲ್ಲಿ ಗಿಡಕ್ಕೆ ನೀರು ಹಾಕುವ ಕ್ಯಾನು. ಅದರ ನೀರು ಗಿಡಕ್ಕೆ ಬೀಳದೆ ನೇರವಾಗಿ ಅವನ ನೆತ್ತಿಯ ಮೇಲೆ ಬೀಳುತ್ತಿತ್ತು.

"ಯಾವತ್ತು ಹೊರಡೋದು? ಎಷ್ಟು ಗಂಟೆಗೆ? ಯಾವ ಕಡೆಯಿಂದ ಹತ್ತಬೇಕು?"

ಅವನು ಗಾಬರಿಯಲ್ಲಿ ನೊರೆಯನ್ನು ನುಂಗಿಬಿಟ್ಟ. "ದೀಪ ಸಾರ್, ದೀಪ. ಹಾಲಿಗೆ ನಾಲ್ಕು ದೀಪ ತರೋಣ ಅಂತ..."

"ದಕ್ಕೆ ವ ಒತ್ತು ಅಂದ್ರಲ್ಲ. ಆ ಒತ್ತು ನಂಗೆ ಸ್ಪಷ್ಟವಾಗಿ ಕೇಳಿಸ್ತು. ನನ್ನ ಕಿವಿ ಮೇಲೆ ಎಷ್ಟು ರೈಲು ಹೋಗಿದ್ರೂ ಕಿವಿ ಹೋಗಿಲ್ಲ ಕಣ್ರೀ. ನಮ್ಮದೂ ಒಂದು ಸೀಟು ಹೇಳ್ಬಿಡಿ!"

ಅವನು ಮೆಟ್ಟಿಲಲ್ಲಿ ಇಳಿದ. ಸುದ್ದಿ ಲಿಫ್ಟಿನಲ್ಲಿ ಇಳಿದಿತ್ತು. ಕೆಳಗಿನ ಮನೆಯ ಹಲ್ಲಿನ ಡಾಕ್ಟರ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಅಣ್ಣಾ, ಇದು ನ್ಯಾಯವೇನಣ್ಣ? ನಮ್ಮನ್ನ ಬಿಟ್ಟು ಹೋಗೋ ಮನಸ್ಸಾದ್ರೂ ಹೇಗೆ ಬಂತು?"

"ಹಾಗಲ್ಲಮ್ಮಾ, ಸೀಸನ್ ಅಲ್ಲದಾಗ..."

"ಸೀಸನ್ ಅಲ್ದೇ ಇದ್ರೇ ಒಳ್ಳೇದು! ಮಕ್ಕಳು ಎಷ್ಟು ಕಿರುಚಿದ್ರೂ ಕೇಳೋರಿರಲ್ಲ. ನಮ್ಮೋರೂ ಬರ್ತಾರೆ. ನಡುನೀರಲ್ಲಿ ಯಾರಿಗಾದ್ರೂ ಹಲ್ಲುನೋವು ಬಂದ್ರೆ ಗತಿಯೇನು? ಬಂದರಿನ ತನಕ ಹೋಗೋಕೆ ನಮ್ಮ ತಮ್ಮನ ಮಿನಿಬಸ್ ಇದೆ. ಆಗ್ಲೇ ಹೇಳ್ಬಿಟ್ಟೆ."

ಅಂಗಡಿಗೆ ಹೋಗಿ ರಜೆ ಕೇಳಬೇಕೆಂದು ಅವನು ದಾರಿಯುದ್ದಕ್ಕೂ ಒಂದು ಕಾರಣವನ್ನು ಹೊಸೆದ. ಸೊಂಟನೋವು, ತೈಲ ಚಿಕಿತ್ಸೆ, ಹದಿನೈದು ದಿನ ಮಲಗಿಯೇ ಇರಬೇಕು. ಅದಕ್ಕೆ ತಕ್ಕಂತೆ ಸ್ವಲ್ಪ ಬಾಗಿಯೇ ಒಳಗೆ ಕಾಲಿಟ್ಟ. ಮಾಲೀಕರು ಗಲ್ಲಾದ ಹಿಂದೆ ಕೂತು ಮೌತ್ ಆರ್ಗನ್ ಒರೆಸುತ್ತಿದ್ದರು. ಗಿರಾಕಿ ಇಲ್ಲದಾಗ ಅದನ್ನು ನುಡಿಸುವುದು ಅವರ ಅಭ್ಯಾಸ. ಅದನ್ನು ನುಡಿಸುವುದರಿಂದಲೇ ಗಿರಾಕಿಗಳಿಲ್ಲ ಎಂಬುದು ಅವನ ಅಭಿಪ್ರಾಯ.

"ಬಾರಯ್ಯ ಬಾ! ಯಾಕೆ ಬಗ್ಗಿದೀಯ? ಏನಾದ್ರೂ ಬಿತ್ತಾ? ಸ್ಟೇಷನ್ ಮಾಸ್ತರು ಫೋನ್ ಮಾಡಿದ್ರು. ಕಣ್ಣು ತೋರಿಸ್ಬೇಕಂತೆ, ದ್ವೀಪ ಕಾಣೋ ಹಾಗೆ ಹೊಸಾ ಕನ್ನಡಕ ಬೇಕಂತೆ. ನಿಂಗೆ ರಜೆ ಕೊಟ್ಟೆ. ನಾನೂ ಅಂಗಡಿಗೆ ಬೀಗ ಹಾಕಿ ಬಂದ್ಬಿಡ್ತೀನಿ. ನಿರ್ಜನ ದ್ವೀಪ, ಬೆಳದಿಂಗಳು, ಜೊತೆಗೆ ಇದು." ಅವರು ಮೌತ್ ಆರ್ಗನ್ನನ್ನು ತುಟಿಗಿಟ್ಟು ಒಮ್ಮೆ ಊದಿದರು. ಬಾಗಿಲ ಬಳಿ ಮಲಗಿದ್ದ ನಾಯಿ ಎದ್ದು ಹೋಯಿತು.

ನಾಲ್ಕು ದ್ವೀಪಗಳೂ ಅವನ ಕಣ್ಣೆದುರೇ ತುಂಬತೊಡಗಿದವು. ಒಂದರಲ್ಲಿ ಡಾಕ್ಟರ ಮಕ್ಕಳು, ಇನ್ನೊಂದರಲ್ಲಿ ಮೌತ್ ಆರ್ಗನ್, ಉಳಿದೆರಡರಲ್ಲೂ ಸ್ಟೇಷನ್ ಮಾಸ್ತರು. ಕಾಲಿಡಲು ಅವನಿಗೆ ಜಾಗವಿಲ್ಲ.

ಮಾಸ್ತರರು ಮಧ್ಯಾಹ್ನದ ಹೊತ್ತಿಗೆ ಬಂದರು. ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಆ ಭಾರದ ಕಬ್ಬಿಣದ ಫ್ರೇಮು ಏರಿಸಿ, ಒಂದು ಕಣ್ಣು ಮುಚ್ಚಿದ ಮೇಲೆ ಅವನಿಗೆ ಹೊಳೆಯಿತು. ಇವರು ಈಗ ಎಲ್ಲಿಗೂ ಏಳುವಂತಿಲ್ಲ. ಹೇಳಿದ್ದನ್ನು ಕೇಳಲೇಬೇಕು.

"ಕೊನೇ ಸಾಲು ಓದಿ ಸಾರ್. ಅಂದ ಹಾಗೆ, ಆ ದೋಣಿಗಳಿಗೆ ಟೈಮ್‌ಟೇಬಲ್ ಇಲ್ಲ."

ಮಾಸ್ತರರು ಓದುವುದನ್ನು ನಿಲ್ಲಿಸಿದರು. "ಏನಿಲ್ಲ?"

"ಟೈಮ್‌ಟೇಬಲ್ ಸಾರ್. ದೋಣಿಯವನಿಗೆ ನಿದ್ದೆ ಬಿಟ್ಟಾಗ ಹೊರಡೋದು. ಈಗ ಚೆನ್ನಾಗಿ ಕಾಣ್ತಾ, ಮೊದಲಿಂದೇ ಚೆನ್ನಾಗಿತ್ತಾ?"

"ಯಾವುದೂ ಕಾಣ್ತಿಲ್ಲ. ಲೇಟಾದ್ರೆ ಅನೌನ್ಸ್ ಮಾಡ್ತಾರಲ್ವಾ?"

"ಯಾರು ಮಾಡ್ತಾರೆ? ಅಲ್ಲಿ ಮೈಕೇ ಇಲ್ಲ. ಸೀಸನ್ ಮುಗಿದ್ಮೇಲೆ ಗಾಳಿ ಎದ್ರೆ ವಾರಗಟ್ಟಲೆ ದೋಣೀನೇ ಬರಲ್ಲ. ಹೋದ ವರ್ಷ ಒಬ್ರು ನಾಳೆ ಬರತ್ತೆ ನಾಳೆ ಬರತ್ತೆ ಅಂತ ದಡದಲ್ಲಿ ಕಾದೂ ಕಾದೂ, ಕೊನೆಗೆ ಅಲ್ಲೇ ಮದುವೆ ಮಾಡ್ಕೊಂಡು ಉಳಿದ್ಬಿಟ್ರಂತೆ."

ಮಾಸ್ತರರ ಮುಖ ಬಿಳಿಚಿತು. ಅವರು ಜೀವಮಾನದಲ್ಲಿ ಅಪಘಾತಕ್ಕೆ ಹೆದರಿದವರಲ್ಲ, ತಡವಾಗುವುದಕ್ಕೆ ಹೆದರಿದವರು. ಮಾಲೀಕರೂ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಅವನು ಅವರಿಗೂ ಬಡಿಸಿದ. ಅಲ್ಲಿಯ ಉಪ್ಪುಗಾಳಿಗೆ ತವರ, ಹಿತ್ತಾಳೆ ಏನಿದ್ದರೂ ಒಂದೇ ದಿನದಲ್ಲಿ ತುಕ್ಕು. ತುಕ್ಕು ಹಿಡಿದ ಮೌತ್ ಆರ್ಗನ್ ಊದಿದರೆ ನಾಲಿಗೆ ಹಸಿರಾಗುತ್ತದೆ. ಹಸಿರು ನಾಲಿಗೆಗೆ ಔಷಧಿ ಇನ್ನೂ ಬಂದಿಲ್ಲ.

"ಮತ್ತೆ ಈಗೇನಯ್ಯ ಮಾಡೋದು? ಎಲ್ಲಿಗಾದ್ರೂ ಹೋಗ್ಬೇಕು ಅಂತ ಮನಸ್ಸು ಮಾಡ್ಬಿಟ್ಟಿದೀವಲ್ಲ!" ಎಂದರು ಮಾಲೀಕರು, ಮೌತ್ ಆರ್ಗನ್ನನ್ನು ಕೋಟಿನೊಳಗೆ ಬಚ್ಚಿಡುತ್ತ.

ಇದಕ್ಕಾಗಿಯೇ ಅವನು ಕಾದಿದ್ದ. ಅವನು ಕನಸಿನಲ್ಲೂ ನೋಡಿರದ ಒಂದು ಬೆಟ್ಟದ ಊರಿನ ಹೆಸರು ಬಾಯಿಗೆ ಬಂತು. ಅಲ್ಲಿ ಒಂದು ಪುಟಾಣಿ ರೈಲು ಇದೆಯಂತೆ, ಅದು ಬರುವುದನ್ನು ನೋಡಿ ಊರಿನವರು ಗಡಿಯಾರ ಸರಿಮಾಡಿಕೊಳ್ಳುತ್ತಾರಂತೆ. ಒಂದು ಗವಿ ಇದೆಯಂತೆ, ಒಳಗೆ ನಿಂತು ಊದಿದರೆ ಒಂದು ಮೌತ್ ಆರ್ಗನ್ ಹತ್ತಾಗಿ ಕೇಳಿಸುತ್ತದಂತೆ. ಸ್ಟೇಷನ್ ಮಾಸ್ತರರಿಗೇ ಅವನು ಅಷ್ಟುದ್ದದ ರೈಲು ಬಿಟ್ಟ. ಅವರು ಒಂದು ಕಣ್ಣು ಮುಚ್ಚಿಕೊಂಡೇ ಹಸಿರು ನಿಶಾನೆ ತೋರಿಸಿದರು.

"ಹಾಗಾದ್ರೆ ನೀವ್ಯಾಕ್ರೀ ಆ ದರಿದ್ರ ದ್ವೀಪಕ್ಕೆ ಹೋಗ್ತೀರಿ?" ಎಂದು ಮಾಸ್ತರರು ಕೇಳಿದರು.

ಅವನು ನಿಟ್ಟುಸಿರು ಬಿಟ್ಟ. "ಟಿಕೆಟ್ ವಾಪಸ್ ತಗೊಳ್ಳಲ್ವಂತೆ ಸಾರ್. ಹಣೇಲಿ ಬರೆದ ಹಾಗಾಗ್ಲಿ. ಹೋಗ್ತೀವಿ."

ಮಾಸ್ತರರ ಕಣ್ಣಲ್ಲಿ ನೀರಾಡಿತು. ಅದು ಕನಿಕರಕ್ಕೋ ಮಸೂರಕ್ಕೋ ಹೇಳುವುದು ಕಷ್ಟವಾಗಿತ್ತು. "ಮಿನಿಬಸ್ಸಲ್ಲಿ ನಿಮಗೆ ಅಂತ ಒಂದು ಸೀಟು ಖಾಲಿ ಇಟ್ಟಿರ್ತೀವಿ. ಕೊನೇ ಗಳಿಗೇಲಿ ಬುದ್ಧಿ ಬಂದ್ರೆ ಬನ್ನಿ."

ಸಂಜೆ ಅಂಗಡಿಯಿಂದ ಬಂದವನು ಗೇಟಿನ ಬಳಿಯೇ ಡಾಕ್ಟರ ಹೆಂಡತಿಯನ್ನು ಹಿಡಿದ. ಅಷ್ಟು ಹೊತ್ತಿಗೆ ಅವನ ನಾಲಿಗೆ ಪಳಗಿತ್ತು. ಅವಳಿಗೆ ಏಡಿ ಸಾಕಾಯಿತು. ಸೀಸನ್ ಮುಗಿದ ಮೇಲೆ ಏಡಿಗಳು ಖಾಲಿ ಹೋಟೆಲುಗಳ ಕೋಣೆಗೆ ಬಂದು, ಹೊದಿಕೆಯೊಳಗೆ ಸೇರಿ, ಕಾಲಿನ ಹೆಬ್ಬೆರಳನ್ನೇ ಹುಡುಕುತ್ತವೆ ಎಂದ. ಉಳಿದವರೆಲ್ಲ ಬೆಟ್ಟಕ್ಕೆ ಹೊರಟಿದ್ದಾರೆ ಎಂಬುದನ್ನೂ ಸೇರಿಸಿದ. ಅವಳು ಅಲ್ಲೇ ಎರಡೂ ಕಾಲಿನ ಬೆರಳುಗಳನ್ನು ಮಡಚಿಕೊಂಡಳು.

"ಅಯ್ಯೋ ಬೇಡಪ್ಪ! ಬೆಟ್ಟದಲ್ಲಿ ಏಡಿ ಇಲ್ವಲ್ಲ?"

"ಒಂದೂ ಇಲ್ಲ. ಒಂದೊಂದು ಬಂಡೆ ಮೇಲೂ ಸಿಗ್ನಲ್ ಸಿಗತ್ತೆ."

"ಹಾಗಾದ್ರೆ ತಮ್ಮನಿಗೆ ಬಸ್ಸು ಬೆಟ್ಟಕ್ಕೆ ತಿರುಗಿಸು ಅಂತೀನಿ. ಅಣ್ಣಾ, ನೀನು ನಮ್ಮ ಪಾಲಿನ ದೇವರು ಕಣಣ್ಣ! ಆ ಏಡಿಗಳ ಮಧ್ಯೆ ಹೋಗೋ ಅತ್ತಿಗೇನ ನೆನೆಸ್ಕೊಂಡ್ರೇ ಅಳು ಬರತ್ತೆ."

ಅವನು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದ. ಮನೆಯೊಳಗೆ ನುಗ್ಗಿ, ಬಾಗಿಲು ಹಾಕಿ, ಚಿಲಕ ಜಡಿದು, ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿ ಆಗಷ್ಟೇ ಕೆಲಸದಿಂದ ಬಂದು, ಕಿವಿಗೆ ಸಿಕ್ಕಿಸುವ ಫೋನಿನ ಬಿಗಿತಕ್ಕೆ ಕೆಂಪಾಗಿದ್ದ ಕಿವಿಗಳನ್ನು ನೀವಿಕೊಳ್ಳುತ್ತ ಕೂತಿದ್ದಳು.

"ಏನೇ, ಕೇಳು ಇವತ್ತು ಏನಾಯ್ತು ಅಂತ!" ಎಂದು ಶುರುಮಾಡಿದ. ನೀರಿನ ಕ್ಯಾನಿನಿಂದ ಹಿಡಿದು ಹೆಬ್ಬೆರಳಿನವರೆಗೆ ಒಂದನ್ನೂ ಬಿಡಲಿಲ್ಲ. ಮಾಸ್ತರರ ದನಿ ತೆಗೆದ, ಮಾಲೀಕರ ನಾಲಿಗೆ ತೋರಿಸಿದ, ಏಡಿಯಂತೆ ನೆಲದ ಮೇಲೆ ಅಡ್ಡಡ್ಡ ನಡೆದ. ಅವಳ ಮುಂದಿದ್ದ ಕಾಫಿ ಆರಿತು.

"ಅಂದ್ರೆ, ಎಲ್ರೂ ಬಿಟ್ರಾ?" ಎಂದು ಅವಳು ಕೊನೆಗೆ ಕೇಳಿದಳು.

"ಎಲ್ರೂ! ಒಂದು ನರಪಿಳ್ಳೆನೂ ಬರಲ್ಲ. ಇನ್ನು ನಾವಿಬ್ರೇ, ಸಮುದ್ರ, ನಿಶ್ಶಬ್ದ!"

"ಗೊತ್ತು. ಮಧ್ಯಾಹ್ನ ಮಾಸ್ತರು ನಂಗೆ ಫೋನ್ ಮಾಡಿದ್ರು. ಅಳ್ತಾನೇ ಇದ್ರು. ನೀವು ಒಬ್ಬೊಬ್ರನ್ನೇ ಓಡಿಸ್ತಿದೀರಿ ಅಂತ ಆಗ್ಲೇ ಗೊತ್ತಾಯ್ತು. ಪ್ರವಾಸದ ಕಚೇರಿಗೆ ನಾನೂ ಒಂದು ಫೋನ್ ಮಾಡಿದೆ."

"ಟಿಕೆಟ್ ಕ್ಯಾನ್ಸಲ್ ಮಾಡಿಸ್ಬಿಟ್ಯಾ? ಲೇ, ಅದೆಲ್ಲ ನಾನು ಹೇಳಿದ ಸುಳ್ಳು ಕಣೇ! ಬಿರುಗಾಳಿ ಇಲ್ಲ, ಏಡಿ ಇಲ್ಲ..."

"ಸುಳ್ಳು ಅಂತ ಗೊತ್ತು ರೀ. ಎರಡೂ ಕ್ಯಾನ್ಸಲ್ ಮಾಡಿಲ್ಲ. ಒಂದು ಮಾತ್ರ."

"ಒಂದಾ? ಯಾರದ್ದು?"

ಅವಳು ಆರಿದ ಕಾಫಿಯನ್ನು ಒಂದು ಗುಟುಕು ಕುಡಿದಳು. "ಅಷ್ಟೂ ಜನರನ್ನ ನೀವು ಬಿಡಿಸಿದ್ರಿ. ಉಳಿದಿದ್ದು ಒಬ್ಬರು. ಅವರನ್ನ ನಾನು ಬಿಡಿಸಿದೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಸೋಫಾದ ಮೇಲೆ ಕುಸಿದ.

"ನಿಶ್ಶಬ್ದ ಬೇಕು ಅಂತ ನಾವಿಬ್ರೂ ಸೇರೇ ತಾನೆ ಅಂದ್ಕೊಂಡಿದ್ದು?"

"ಹೌದು. ಆದ್ರೆ ನಾವಿಬ್ರೂ ಹೋದ್ರೆ ಅದು ನಿಮಗೆ ಸಿಗತ್ತೆ ರೀ, ನಂಗೆ ಸಿಗಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕರೆಂಟು ಯಾವಾಗ ಬರುತ್ತದೆಂದು ಕೇಳಿದವರಿಗೆ ಹೇಳುವಷ್ಟೇ ಮೃದುವಾಗಿ ಹೇಳಿದಳು. "ಹಗಲೆಲ್ಲ ಊರಿನವರ ಮಾತು, ಮನೆಗೆ ಬಂದ್ರೆ ನಿಮ್ಮದು. ಎಷ್ಟು ವರ್ಷ ಆಯ್ತೋ ನನ್ನ ತಲೇಲಿ ನಂದೇ ಒಂದು ಮಾತು ನಂಗೆ ಕೇಳಿಸಿ. ಬೇಜಾರು ಮಾಡ್ಕೋಬೇಡಿ. ಪ್ರತಿಯೊಂದು ದ್ವೀಪದಿಂದಲೂ ಒಂದೊಂದು ಚಿತ್ರ ಕಳಿಸ್ತೀನಿ."

ಅವನು ಸುಮ್ಮನೆ ಕೂತಿದ್ದಾಗ ಗೋಡೆಗಡಿಯಾರದ ಟಿಕ್ ಟಿಕ್ ಕೇಳಿಸಿತು. ಅದಕ್ಕೆ ಸದ್ದಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅವಳ ಮುಖ ಸ್ವಲ್ಪ ಅರಳಿದ್ದನ್ನು ಕಂಡು ಆಸೆ ಚಿಗುರಿತು.

"ನಾನೂ ಬರ್ತೀನಿ ಕಣೇ. ಮಾತೇ ಆಡಲ್ಲ. ಆಣೆ ಮಾಡ್ತೀನಿ. ಕೈಸನ್ನೆ, ಬಾಯಿಸನ್ನೆ ಅಷ್ಟೆ."

"ಮಾತಾಡಲ್ಲ ಅನ್ನೋದನ್ನೇ ನೀವು ಮೊದಲನೇ ದ್ವೀಪ ಮುಗಿಯೋ ತನಕ ಹೇಳ್ತೀರಿ ರೀ."

ಅಷ್ಟರಲ್ಲಿ ಯಾರೋ ಬಾಗಿಲನ್ನು ದಬದಬ ಬಡಿದರು. ಅವನು ಚಿಲಕ ತೆಗೆದ. ಮೊದಲು ಮಾಸ್ತರರು, ಅವರ ಹಿಂದೆ ಮಾಲೀಕರು, ಅವರ ಕೈಕೆಳಗಿನಿಂದ ತೂರಿಕೊಂಡು ಡಾಕ್ಟರ ಹೆಂಡತಿ. ಎಲ್ಲರ ಮುಖವೂ ಹೋದ ಜೀವ ಮರಳಿ ಬಂದಂತೆ ಬೆಳಗುತ್ತಿತ್ತು.

"ನಿಮ್ಮ ಮನೆಯೋರು ಕಳಿಸಿದ್ದ ಮೆಸೇಜು ಈಗಷ್ಟೇ ನೋಡಿದೆ!" ಎಂದು ಮಾಸ್ತರರು ಅವನನ್ನು ಅಪ್ಪಿಕೊಂಡರು. "ಅಂತೂ ಬುದ್ಧಿ ಬಂತಲ್ಲ ನಿಮಗೆ! ಸೀಟು ನನ್ನ ಪಕ್ಕದಲ್ಲೇ. ಆ ಕಡೆ ನಿಮ್ಮ ಮಾಲೀಕರು. ಇನ್ನು ಒಂದು ಕ್ಷಣಾನೂ ನಿಮಗೆ ಬೇಜಾರಾಗೋಕೆ ಬಿಡಲ್ಲ, ದಾರಿಯುದ್ದಕ್ಕೂ ಮಾತಾಡ್ಕೊಂಡೇ ಹೋಗೋಣ!"

ಅವನು ಆ ಅಪ್ಪುಗೆಯೊಳಗಿಂದಲೇ ಕತ್ತು ಹೊರಳಿಸಿ ಹಿಂದೆ ನೋಡಿದ. ಹೆಂಡತಿ ಒಳಕೋಣೆಯ ಬಾಗಿಲನ್ನು, ಒಂದಿಷ್ಟೂ ಸದ್ದಾಗದ ಹಾಗೆ, ಹಾಕಿಕೊಳ್ಳುತ್ತಿದ್ದಳು.