ದೊಡ್ಡವ್ವನ ನೆರಳು

ಈ ಬೇಸಿಗೆ ರಜೆಯಲ್ಲಿ ನಮ್ಮೂರಿನ ಮೂಢನಂಬಿಕೆಯನ್ನು ಬೇರುಸಮೇತ ಕಿತ್ತುಹಾಕುತ್ತೇನೆಂದು ಪಣ ತೊಟ್ಟೆ. ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ವಿಜ್ಞಾನ ಪಾಠ ಮಾಡಿದವನು ನಾನು. ಪಿರಿಯಾಪಟ್ಟಣ ತಾಲ್ಲೂಕಿಗೇ ಬೆಳಕು ಹಂಚುವ ಯೋಗ್ಯತೆ ನನಗಲ್ಲದೆ ಇನ್ಯಾರಿಗಿದೆ!

ಆಯುಧ ಸಿದ್ಧವಿತ್ತು: ಶೂನ್ಯ ನೆರಳಿನ ದಿನ. ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಂತ ಕಂಬಕ್ಕೂ ನೆರಳು ಬೀಳುವುದಿಲ್ಲ. ಬಂದು ನೋಡಿ ಎಂದು ಊರಿಗೆಲ್ಲ ಸಾರಿದೆ. ಒಬ್ಬರೂ ಬರಲಿಲ್ಲ. ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕುವ ಹೊತ್ತಂತೆ! ಸೂರ್ಯ ನೆತ್ತಿಗೆ ಬರುವ ಮೊದಲೇ ನನಗೆ ಪಿತ್ತ ನೆತ್ತಿಗೇರಿತು.

ಉಳಿದವಳು ನನ್ನ ದೊಡ್ಡವ್ವ ಚಿಕ್ಕಸಿದ್ದಮ್ಮ. ಎಂಬತ್ತರ ಮುದುಕಿ, ಎರಡೂ ಕಣ್ಣಿಗೆ ಪೊರೆ. ಮಾರನೆಯ ದಿನ ಹುಣಸೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಲು ಕೊನೆಗೂ ಒಪ್ಪಿದ್ದಳು. ಅವಳನ್ನು ಒಪ್ಪಿಸುವಷ್ಟರಲ್ಲಿ ನನ್ನ ಹೆಂಡತಿ ಪ್ರಮೀಳಾಳ ನಾಲಿಗೆ ಸವೆದಿತ್ತು.

ಹನ್ನೆರಡು ಇಪ್ಪತ್ತಮೂರಕ್ಕೆ ದೊಡ್ಡವ್ವನನ್ನು ಅಂಗಳದ ನಟ್ಟನಡುವೆ ನಿಲ್ಲಿಸಿ ಘೋಷಿಸಿದೆ.

"ದೊಡ್ಡವ್ವ, ಈಗ ನಿನ್ನ ನೆರಳೇ ಇಲ್ಲ!"

ದೊಡ್ಡವ್ವ ಅಲ್ಲಾಡಲಿಲ್ಲ. "ದಿಟವೇನ್ಲಾ?"

"ಸೈನ್ಸು ಕಣವ್ವ. ಎಲ್ಲೂ ಹೋಗಿಲ್ಲ, ಕಾಲಡಿಗೆ ಹೋಗಿದೆ."

"ಕಾಲಡಿಗೆ ಅಂದ್ರೆ ಮಣ್ಣಿಗೇ ಓದಂಗೆ." ಹೋಗಿ ಜಗುಲಿಯ ಮೇಲೆ ಕೂತಳು. "ನೆರಳು ಕಳ್ಕೊಂಡೋರು ಆರ್ ತಿಂಗ್ಳು ಬದುಕಲ್ಲ ಕಣ್ಲಾ. ನಮ್ಮವ್ವ ಯೇಳ್ತಿದ್ಲು. ಆರ್ ತಿಂಗ್ಳಿಗೆ ಆಪ್ರೇಸನ್ ಯಾಕೆ, ಬುಡು."

ನನಗೆ ತಲೆ ಕೆಟ್ಟುಹೋಯಿತು. "ನಿಂದೊಂದೇ ಅಲ್ಲ! ನಂದೂ ಇಲ್ಲ, ಪ್ರಮೀಳಂದೂ ಇಲ್ಲ, ಇಡೀ ಊರಿಂದೇ ಇಲ್ಲ!"

"ಅಯ್ಯೋ ಸಿವನೇ, ಊರಿಗೂರೇ ಓಯ್ತದಾ?" ಎಂದು ಕಣ್ಣೀರು ಹಾಕಿದಳು.

ಸ್ವಲ್ಪ ತಡಿ, ನೆರಳು ವಾಪಸ್ ಬರುತ್ತದೆ ಎಂದೆ. ಆಗಲೇ ಮೋಡ ಕವಿಯಬೇಕೆ! ಸಂಜೆವರೆಗೂ ಸರಿಯಲಿಲ್ಲ. ಮೂಸಂಬಿ, ಟಾರ್ಚು ಹಿಡಿದು ಭೂಮಿಯನ್ನೇ ತಿರುಗಿಸಿ ತೋರಿಸಿದೆ. ಅಕ್ಷಾಂಶ ಎಂದೆ, ರೇಖಾಂಶ ಎಂದೆ. ದೊಡ್ಡವ್ವ ಆ ಭೂಮಿಯನ್ನು ಸುಲಿದು ತಿಂದು, ತನ್ನ ಕಿವಿಯೋಲೆ ಯಾರಿಗೆ ಸೇರಬೇಕೆಂದು ಹೇಳತೊಡಗಿದಳು.

ಅಷ್ಟರಲ್ಲಿ ಪ್ರಮೀಳಾ ಒಳಗಿನಿಂದ ಬಂದಳು. ಅವಳ ಮುಖ ನೋಡಿದರೆ ನನಗೆ ಆರು ದಿನವೂ ಉಳಿದಿಲ್ಲ ಎನಿಸಿತು.

"ಎರಡ್ ವರ್ಷ ಗೋಗರೆದು ಒಪ್ಪಿಸಿದ್ದೆ. ಎರಡೇ ನಿಮಿಷಕ್ಕೆ ಹಾಳು ಮಾಡಿದ್ರಲ್ರೀ," ಎಂದವಳು ದೊಡ್ಡವ್ವನ ಕಡೆ ತಿರುಗಿದಳು. "ಅತ್ತೆ, ನೆರಳು ಹೋಗಿದ್ದನ್ನ ನೀವು ಕಂಡ್ರಾ?"

"ನಂಗೆಲ್ಲಿ ಕಾಣ್ತದವ್ವ? ಮೇಷ್ಟ್ರು ಯೇಳುದ್ರು."

"ನಿನ್ನೆ ಕಾಣ್ತಿತ್ತಾ?"

"ಪೊರೆ ಬಂದಾಗಿಂದ ಕಂಡಿಲ್ಲ. ಎರಡ್ ವರ್ಸಾಯ್ತು."

"ಎರಡ್ ವರ್ಷದಿಂದ ನೆರಳು ಕಾಣ್ದಿದ್ರೂ ಗುಂಡುಕಲ್ಲಂಗೆ ಇದ್ದೀರಿ. ಆರ್ ತಿಂಗ್ಳು ಎಲ್ಲಿಂದ ಬಂತು? ನಾಳೆ ಕಣ್ಣು ಮಾಡಿಸ್ಕಳಿ, ನೆರಳು ತಾನೇ ಕಾಣ್ತದೆ."

ದೊಡ್ಡವ್ವ ಯೋಚಿಸಿದಳು. "ಅದೂ ಸರಿ ಅನ್ನು," ಎಂದು ಎದ್ದು, ಬೆಳಿಗ್ಗೆ ಉಡಲು ಸೀರೆ ತೆಗೆದಿಟ್ಟಳು. ನೆರಳೇ ಕಾಣದವಳಿಗೆ ನೆರಳು ಮಾಯವಾಗುವುದನ್ನು ತೋರಿಸಿದ ಮಹಾಪಂಡಿತ ನಾನು, ಮೂಸಂಬಿ ಸಿಪ್ಪೆ ಗುಡಿಸಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ವಾರದ ಮೇಲೆ ಒಂದು ಬೆಳಿಗ್ಗೆ ದೊಡ್ಡವ್ವ ಕಪ್ಪು ಕನ್ನಡಕ ಹಾಕಿಕೊಂಡು ಅಂಗಳಕ್ಕಿಳಿದಳು. ಎದುರಿಗೆ ಉದ್ದಕ್ಕೆ ಮಲಗಿದ್ದ ತನ್ನ ನೆರಳನ್ನು ಕಂಡು, ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು.

"ಬನ್ರವ್ವ, ನೋಡ್ಬನ್ನಿ. ನಮ್ ಮೇಷ್ಟ್ರು ಕಳ್ದಾಕಿದ್ ನೆರಳ ಡಾಕ್ಟ್ರು ಉಡುಕ್ಕೊಟ್ಟವ್ರೆ."